ರೊಂಗ್‌ಫಾನ ಒಂಟಿ ಕೈಗವಸುಗಳು

ಎಂಜಲು ಕೈಯಲ್ಲಿ ಕಾಗೆ ಓಡಿಸದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಮ್ಮ ಶಿತಾನ್ ಕಣಿವೆಯ ಹಕ್ಕಾ ಜನ ಜಿಪುಣರೆಂದು ಬಯಲಿನ ಊರುಗಳವರು ಆಡಿಕೊಳ್ಳುತ್ತಾರೆ. ನಾವು ಅದನ್ನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತೇವೆ. ಆದರೆ ಲಾಯ್ ರೊಂಗ್‌ಫಾ ನಮ್ಮಂಥವರಿಗೂ ನಾಚಿಕೆ ತರಿಸುವಷ್ಟು ಜಿಪುಣ. ಅಂಚೆ ಕಚೇರಿಯ ಪಕ್ಕದ ನಮ್ಮ ಕಬ್ಬಿಣದ ಸಾಮಾನಿನ ಅಂಗಡಿಗೆ ಅವನು ಬಂದನೆಂದರೆ ನನ್ನ ಗಂಡ ಮೆಲ್ಲಗೆ ಎದ್ದು ಹಿತ್ತಲಿಗೆ ಹೋಗಿ ಕೋಳಿಗಳನ್ನು ಮಾತಾಡಿಸುತ್ತಾ ನಿಲ್ಲುತ್ತಿದ್ದ. ವ್ಯಾಪಾರ ನನ್ನ ತಲೆಗೆ ಬೀಳುತ್ತಿತ್ತು.

ಅವನಿಗೆ ಆಗಲೇ ಐವತ್ತು ದಾಟಿತ್ತು. ಅಪ್ಪ ಬಿಟ್ಟುಹೋದದ್ದು ಒಂದು ಕಿತ್ತಳೆ ಗುಡ್ಡ. ಕಿತ್ತಳೆಯನ್ನು ಕೇಳುವವರಿಲ್ಲದಾಗ ಮರಗಳನ್ನು ಕಡಿದು, ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಮಟ್ಟ ಮಾಡಿ, ಪಟ್ಟಣದವರು ಟೆಂಟು ಹಾಕಿಕೊಳ್ಳುವ ಜಾಗ ಮಾಡಿದ. ಶನಿವಾರ ಬಂತೆಂದರೆ ತೈಪೆಯಿಂದ, ಶಿನ್‌ಚುವಿನಿಂದ ಕಾರುಗಳು ಸಾಲುಗಟ್ಟಿ ಬರುತ್ತವೆ. ಮನೆಯಲ್ಲಿ ಮೆತ್ತನೆಯ ಹಾಸಿಗೆ ಇರುವವರು ದುಡ್ಡು ಕೊಟ್ಟು ನೆಲದ ಮೇಲೆ ಮಲಗುವುದನ್ನು ಕಂಡು, ಇವರಿಗೆಲ್ಲ ಹೆಂಡತಿಯರ ಜೊತೆ ಜಗಳವಾಗಿರಬೇಕು ಎಂದುಕೊಂಡಿದ್ದನಂತೆ. ಆಮೇಲೆ ನೋಡಿದರೆ ಹೆಂಡತಿಯರೂ ಜೊತೆಗೇ ಬಂದಿದ್ದರು.

ಅವರನ್ನು ಅಷ್ಟು ದೂರದಿಂದ ಎಳೆದು ತರುತ್ತಿದ್ದದ್ದು ಅವನ ಹೆಂಟೆ ಒಲೆ. ಕೊಯ್ಲಾದ ಗದ್ದೆಯಿಂದ ಒಣ ಹೆಂಟೆಗಳನ್ನು ಆರಿಸಿ ತಂದು ಗೋಪುರದ ಹಾಗೆ ಪೇರಿಸಬೇಕು. ಒಳಗೆ ಬೆಂಕಿ ಹಾಕಿ ಹೆಂಟೆಗಳು ಕೆಂಪಗಾಗುವವರೆಗೆ ಕಾಯಬೇಕು. ಆಮೇಲೆ ನೆತ್ತಿಯ ಹೆಂಟೆಗಳನ್ನು ಎತ್ತಿ, ಸುತ್ತಿಟ್ಟ ಕೋಳಿಯನ್ನೂ ಗೆಣಸನ್ನೂ ಒಳಗಿಳಿಸಿ, ಗೋಪುರವನ್ನೇ ಅದರ ಮೇಲೆ ಕೆಡವಿ ಮಣ್ಣು ಮುಚ್ಚಬೇಕು. ಬೆಂದ ಮೇಲೆ ಬಗೆದು ತೆಗೆಯಬೇಕು. ನಾವು ಚಿಕ್ಕಂದಿನಲ್ಲಿ ಪುಕ್ಕಟೆ ಆಡಿದ ಆಟವನ್ನು ಅವನು ಪಟ್ಟಣದವರಿಗೆ ಮಾರುತ್ತಿದ್ದ. ಈ ಆಟದಲ್ಲಿ ಕೈ ಸುಟ್ಟುಕೊಳ್ಳುವುದು ಇದ್ದದ್ದೇ. ಆದ್ದರಿಂದ ಅವನಿಗೆ ಕೈಗವಸು ಬೇಕಾಯಿತು, ನನ್ನ ಪ್ರಾಣಕ್ಕೆ ಬಂತು.

ಮೊದಲು ಬಿಳಿ ಹತ್ತಿಯ ಕೈಗವಸು ಒಯ್ದ. ಎಲ್ಲಕ್ಕಿಂತ ಅಗ್ಗ, ಮೇಲಾಗಿ ಎಡ ಬಲ ಎಂಬ ಭೇದವಿಲ್ಲ. ಒಂದು ಮಗ್ಗುಲು ಸವೆದರೆ ತಿರುಗಿಸಿ ಇನ್ನೊಂದು ಕೈಗೆ ಹಾಕಿಕೊಳ್ಳಬಹುದು. ಆದರೆ ಹೆಂಟೆಯ ಕಾವು ಅದರೊಳಗಿಂದ ಸಲೀಸಾಗಿ ನುಗ್ಗಿತು. ಅಂಗೈಗೆ ಕೆಂಪು ರಬ್ಬರು ಬಳಿದದ್ದನ್ನು ಒಯ್ದ. ರಬ್ಬರು ಕರಗಿ ಚರ್ಮಕ್ಕೆ ಅಂಟಿ ಅಂಗೈಯಲ್ಲಿ ಒಂದು ಗುರುತು ಉಳಿಯಿತು. ಯಾರೋ ಬುದ್ಧಿವಂತರು ಹೇಳಿದರೆಂದು ಹತ್ತಿಯದನ್ನು ನೀರಲ್ಲಿ ಅದ್ದಿ ಹಾಕಿಕೊಂಡ. ನೀರು ಆವಿಯಾಗಿ ಬೆರಳುಗಳು ಹಬೆಗಿಟ್ಟ ಕಡುಬಿನ ಹಾಗೆ ಬೆಂದವು. ಪ್ರತಿಸಲವೂ ಸುಟ್ಟ ಕೈ ಮತ್ತು ಸುಟ್ಟ ಕೈಗವಸು ಎರಡನ್ನೂ ನನ್ನ ಮೇಜಿನ ಮೇಲಿಟ್ಟು, ಬದಲಿ ಕೊಡುತ್ತೀರಾ ಎಂದು ಕೇಳುತ್ತಿದ್ದ.

ಕಡೆಗೆ ನಾನೇ ವೆಲ್ಡಿಂಗಿನವರ ಕೈಗವಸನ್ನು ಅವನ ಮುಂದೆ ಹಾಕಿದೆ. ದಪ್ಪ ದನದ ತೊಗಲು, ಒಳಗೆ ಹತ್ತಿಯ ಅಸ್ತರು, ಮೊಣಕೈವರೆಗೆ ಬರುವ ಉದ್ದ ತೋಳು. ಅದನ್ನು ಮೂಸಿದ, ಮಡಚಿದ, ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿದ. ತೊಗಲು ಉಳಿದರೂ ದಾರ ಸುಟ್ಟರೆ ಏನು ಪ್ರಯೋಜನ ಎಂದ, ಅದು ನಿಜವೇ. ಬೆಂಕಿಗೆ ಜಗ್ಗದ ದಾರದ್ದನ್ನು ಹುಡುಕಿ ಕೊಟ್ಟೆ. ಬಿಗಿಯಾಗಿದ್ದರೆ ಕೆಂಡ ಒಳಗೆ ಬಿದ್ದಾಗ ಒದರಿ ಬಿಸಾಕಲು ಆಗುವುದಿಲ್ಲ ಎಂದ. ಇನ್ನೊಂದು ಅಳತೆ ದೊಡ್ಡದು ಕೊಟ್ಟೆ. ನನ್ನ ಚಹಾದ ಒಲೆಯ ಮೇಲೆ ಕುದಿಯುತ್ತಿದ್ದ ಕೆಟಲನ್ನು ಅಡಿಯಿಂದ ಹಿಡಿದೆತ್ತಿ, ಅಂಗಡಿಗೆ ಬಂದ ಗಿರಾಕಿಗಳ ಮುಂದೆ ಕೋಲೆಬಸವನ ಹಾಗೆ ತಲೆಯಾಡಿಸುತ್ತಾ ನಿಂತ. ಒಂದು ಕೈಗವಸು ಆರಿಸಲು ಅವನು ಮೂರು ಕೊಯ್ಲು ತೆಗೆದುಕೊಂಡಿದ್ದ.

ಹೆಣ್ಣು ನೋಡುವುದರಲ್ಲೂ ಅವನದು ಇದೇ ಕತೆ. ಒಬ್ಬಳು ಉದ್ದವೆಂದ, ಇನ್ನೊಬ್ಬಳು ಜೋರಾಗಿ ನಗುತ್ತಾಳೆ ಎಂದ. ಮೂರನೆಯವಳ ಬಗ್ಗೆ ಮೀನಮೇಷ ಎಣಿಸಿ ಮುಗಿಸುವಷ್ಟರಲ್ಲಿ ಅವಳಿಗೆ ಎರಡು ಮಕ್ಕಳಾಗಿದ್ದವು. ಅವನ ತಾಯಿ ಇರುವವರೆಗೆ ಇಬ್ಬರೂ ಕೂಡಿ ಹೆಣ್ಣುಗಳಲ್ಲಿ ಐಬು ಹುಡುಕುತ್ತಿದ್ದರು. ಆಕೆ ಹೋದ ಮೇಲೆ ಹುಡುಕಲು ಜೊತೆಯೂ ಇಲ್ಲ, ಹುಡುಕಿಸಿಕೊಳ್ಳಲು ಹೆಣ್ಣೂ ಇಲ್ಲ. ಶನಿವಾರ ಭಾನುವಾರ ಗುಡ್ಡದ ತುಂಬ ಜನ. ಸೋಮವಾರ ಅವನೂ ಅವನ ನಾಯಿಯೂ.

ತೊಗಲಿನ ಕೈಗವಸು ಚೆನ್ನಾಗಿಯೇ ಬಾಳಿತು. ಬಾಳಿದ್ದೇ ತೊಂದರೆಯಾಯಿತು. ಒಂದು ಮಳೆಗಾಲ ಕಳೆದ ಮೇಲೆ ಬಂದು ಮೇಜಿಗೆ ಒರಗಿ ನಿಂತ. ನನ್ನ ಗಂಡನನ್ನು ಅಣ್ಣ, ನನ್ನನ್ನು ಅತ್ತಿಗೆ ಎನ್ನುವುದು ಅವನ ರೂಢಿ.

"ಅತ್ತಿಗೆ, ಬಲಗೈದು ಒಂದೇ ಕೊಡಿ."

"ಇದು ಜೊತೆ ಕಣಯ್ಯ. ಉಳಿದದ್ದನ್ನ ಏನ್ಮಾಡ್ಲಿ, ನಿಮ್ಮಣ್ಣನ ತಲೆಗೆ ಹಾಕ್ಲಾ?"

"ಎಡಗೈದು ನನ್ನ ಹತ್ರ ಹೊಸದರ ಹಾಗೇ ಇದೆ. ಹೆಂಟೆ ಎತ್ತೋದೆಲ್ಲ ಬಲಗೈ. ಎಡಗೈ ಸುಮ್ನೆ ನೋಡ್ತಾ ನಿಂತಿರುತ್ತೆ."

"ಹಾಗಾದ್ರೆ ಎಡಗೈಲೇ ಎತ್ತು. ಅದಕ್ಕೂ ಸ್ವಲ್ಪ ಕೆಲಸ ಕೊಡು."

ನಾನು ಹೇಳಿದ್ದು ಗೇಲಿಗೆ. ಅವನು ಅದನ್ನು ಮನಸ್ಸಿಗೆ ತೆಗೆದುಕೊಂಡು ಹೋಗಿ ಎಡಗೈಯಲ್ಲಿ ಎತ್ತಿ, ಕೋಳಿಯನ್ನು ಬೂದಿಗೆ ಬೀಳಿಸಿ, ಒಂದು ಹುಬ್ಬು ಸುಟ್ಟುಕೊಂಡ. ಮುಂದಿನ ವರ್ಷವೂ ಜೊತೆಯನ್ನೇ ಕೊಳ್ಳಬೇಕಾಯಿತು, ಅದರ ಮುಂದಿನ ವರ್ಷವೂ. ಮುಟ್ಟಿದರೆ ಹೊಸ ತೊಗಲಿನ ವಾಸನೆ ಬರುವ ಎಡಗೈಗವಸುಗಳು ಅವನ ಕೊಟ್ಟಿಗೆಯ ದಾರದ ಮೇಲೆ ಒಣಮೀನಿನ ಹಾಗೆ ಸಾಲಾಗಿ ನೇತಾಡತೊಡಗಿದವು. ಎಸೆಯಲು ಅವನ ಜೀವ ಒಪ್ಪಲಿಲ್ಲ. ಕಣ್ಣೆದುರು ಇದ್ದರೆ ರಾತ್ರಿ ನಿದ್ದೆ ಬರಲಿಲ್ಲ.

ಕಡೆಗೊಂದು ದಿನ ಒಂದು ಉಪಾಯ ಹೊಳೆಯಿತು. ಎಡಗೈಯದನ್ನು ಒಳಹೊರಗು ಮಾಡಿದರೆ ಬಲಗೈಗೆ ಸರಿಹೋಗುತ್ತದಲ್ಲ! ಶನಿವಾರ ಪಟ್ಟಣದವರೆಲ್ಲ ಸುತ್ತ ನಿಂತು ಫೋಟೋ ತೆಗೆಯುತ್ತಿದ್ದಾಗ ಹಾಗೆಯೇ ಹಾಕಿಕೊಂಡು ಒಲೆಗೆ ಕೈ ಹಾಕಿದ. ಒಳಗಿನ ಹತ್ತಿಯ ಅಸ್ತರು ಈಗ ಹೊರಗಿತ್ತು. ಅದು ಭಗ್ಗೆಂದು ಹತ್ತಿಕೊಂಡಿತು. ಅವನು ಉರಿಯುವ ಕೈಯನ್ನು ಬೀಸುತ್ತಾ ಗುಡ್ಡದ ಇಳಿಜಾರಿನಲ್ಲಿ ಓಡಿದರೆ, ಇದೂ ಹಕ್ಕಾ ಜನರ ಯಾವುದೋ ಕುಣಿತವೆಂದು ಪಟ್ಟಣದವರು ಚಪ್ಪಾಳೆ ತಟ್ಟಿದರು. ಮುಂದಿನ ವಾರ ಬಂದವರು ಬೆಂಕಿ ಕುಣಿತ ಎಷ್ಟು ಹೊತ್ತಿಗೆ ಎಂದು ಕೇಳಿದರಂತೆ.

ಆಮೇಲೆ ಅವನು ಎಡಚರನ್ನು ಹುಡುಕಲು ಹೊರಟ. ತನ್ನ ಬಲ, ಅವರ ಎಡ, ಒಂದು ಜೊತೆ ಇಬ್ಬರಿಗೆ. ಊರಲ್ಲಿ ಯಾರ ಮನೆಯ ಊಟಕ್ಕೆ ಹೋದರೂ ತಟ್ಟೆ ಬಿಟ್ಟು ಜನರ ಕೈಗಳನ್ನೇ ನೋಡುತ್ತಿದ್ದ. ಒಬ್ಬನೂ ಸಿಗಲಿಲ್ಲ. ನಮ್ಮಲ್ಲಿ ಎಡಚರು ಹುಟ್ಟುವುದಿಲ್ಲ ಎಂದಲ್ಲ, ಬೆಳೆಯಲು ನಾವು ಬಿಡುವುದಿಲ್ಲ. ಮಗು ಎಡಗೈಯಲ್ಲಿ ಊಟದ ಕಡ್ಡಿ ಹಿಡಿದರೆ ಅಜ್ಜಿ ಅದೇ ಕಡ್ಡಿಯಿಂದ ಗೆಣ್ಣಿಗೆ ಹೊಡೆಯುತ್ತಾಳೆ. ಅಷ್ಟಕ್ಕೂ ಬಗ್ಗದಿದ್ದರೆ ಶಾಲೆಯ ಮೇಷ್ಟ್ರಿದ್ದಾರೆ. ಏಳೆಂಟು ವರ್ಷವಾಗುವಷ್ಟರಲ್ಲಿ ಎಲ್ಲರೂ ಬಲಗೈಯವರಾಗಿರುತ್ತಾರೆ.

ಆಗಲೇ ನನಗೆ ಛುನ್‌ಮೇ ನೆನಪಾದದ್ದು. ನನ್ನ ಚಿಕ್ಕಮ್ಮನ ಮಗಳು. ಅವಳ ಎಡಗೈಯನ್ನು ಕೆಂಪು ಬಟ್ಟೆಯಿಂದ ಬೆಂಚಿಗೆ ಕಟ್ಟಿ ಅನ್ನ ತಿನ್ನಿಸುತ್ತಿದ್ದದ್ದನ್ನು ಕಣ್ಣಾರೆ ನೋಡಿದವಳು ನಾನು. ಮದುವೆಯಾದ ಮೇಲೆ ಆ ಕೆಲಸವನ್ನು ಅತ್ತೆ ವಹಿಸಿಕೊಂಡಳು. ಗಂಡ ಬೇಗ ಹೋದ, ಮಕ್ಕಳಿರಲಿಲ್ಲ. ಪಕ್ಕದ ತಾಹುವಿನಲ್ಲಿ ಅಣ್ಣನ ಸ್ಟ್ರಾಬೆರಿ ತೋಟಕ್ಕೆ ಬಂದು ಬಿದ್ದಳು. ಅಣ್ಣನ ಹೆಂಡತಿ ಬಾವ್‌ಜು ಕೆಟ್ಟವಳಲ್ಲ, ಆದರೆ ಕೂತರೆ ಕೂತಳು ನಿಂತರೆ ನಿಂತಳು ಎನ್ನುವ ಪೈಕಿ. ತನ್ನದೆನ್ನುವ ಒಂದು ಒಲೆ ಇದ್ದಿದ್ದರೆ ಸಾಕಿತ್ತಕ್ಕ ಎಂದು ಛುನ್‌ಮೇ ನನ್ನ ಹತ್ತಿರ ಒಮ್ಮೆ ಅಂದಿದ್ದಳು. ಯಾರೂ ಇಲ್ಲದ ಸಾಲಿನಲ್ಲಿ ಹಣ್ಣು ಬಿಡಿಸುವಾಗ ಅವಳು ಎಡಗೈ ಓಡಿಸುವುದನ್ನು ನೋಡಬೇಕು, ಹಣ್ಣಿಗೆ ನೋವಾಗುತ್ತಿರಲಿಲ್ಲ. ಯಾರಾದರೂ ಬಂದರೆ ಆ ಕೈ ಹಿಂದಕ್ಕೆ ಹೋಗುತ್ತಿತ್ತು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನನಗೆ ಒಂದೇ ಒಂದು ನಿಜ ಹೇಳಿದರೆ ಸಾಕಿತ್ತು. ರೊಂಗ್‌ಫಾನಿಗೆ ಹೇಳಿದೆ: ಹೆಂಗಸು ಒಳ್ಳೆಯವಳು, ಗಟ್ಟಿಗಿತ್ತಿ, ಮತ್ತು ಅಪ್ಪಟ ಎಡಚಿ. ಅವನ ಕಣ್ಣಲ್ಲಿ ಅಂಥ ಬೆಳಕನ್ನು ನಾನು ಎಂದೂ ಕಂಡಿರಲಿಲ್ಲ. ಛುನ್‌ಮೇಗೂ ಹೇಳಿದೆ: ಈ ಮನುಷ್ಯನಿಗೆ ನಿನ್ನ ಎಡಗೈಯೇ ಬೇಕಂತೆ. ಇದು ತಪ್ಪಿದರೆ ಅವನು ಗುಡ್ಡದ ಮೇಲೆ ನಾಯಿಯ ಜೊತೆ, ಅವಳು ಅಣ್ಣನ ಮನೆಯ ಮೂಲೆಯಲ್ಲಿ. ಇಬ್ಬರಿಗೂ ಇನ್ನೊಂದು ದಾರಿ ಇರಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅಂಗಡಿಯ ಹಿಂದಿನ ಕೋಣೆಯಲ್ಲೇ ಊಟಕ್ಕೆ ಕರೆದೆ. ಶುಂಠಿ ಹಾಕಿ ಹುರಿದ ಕರುಳು, ಅಕ್ಕಿ ಶ್ಯಾವಿಗೆ, ಹಳೆಯ ಒಣಮೂಲಂಗಿ ಹಾಕಿದ ಕೋಳಿ ಸಾರು. ಗಂಡಿಗೆ ಎಡಚಿಯೇ ಬೇಕೆಂಬುದು ಬಾವ್‌ಜುಗೆ ಗೊತ್ತಿರಲಿಲ್ಲ, ದಾರಿಯುದ್ದಕ್ಕೂ ಬುದ್ಧಿ ಹೇಳಿಯೇ ಕರೆತಂದಿದ್ದಳು: ಆ ಕೈ ಮೇಜಿನ ಮೇಲೆ ಬಂದರೆ ಈ ಸಂಬಂಧವೂ ಹೋಯಿತೆಂದೇ ತಿಳಿ. ಛುನ್‌ಮೇ ಬಲಗೈಯಲ್ಲಿ ಉಂಡಳು. ಅದೂ ಎಂಥ ಊಟ, ಒಂದು ಎಳೆ ಶ್ಯಾವಿಗೆ ಜಾರಲಿಲ್ಲ. ರೊಂಗ್‌ಫಾ ಹುರಿದ ಶೇಂಗಾದ ತಟ್ಟೆಯನ್ನು ಮೆಲ್ಲಗೆ ಅವಳ ಮುಂದಕ್ಕೆ ತಳ್ಳಿದ. ಬಲಗೈಯ ಕಡ್ಡಿಯಲ್ಲಿ ಒಂದೊಂದೇ ಕಾಳನ್ನು ಹೆಕ್ಕಿ ತಿಂದಳು, ಪಾಪ, ಶೇಂಗಾ ಇಟ್ಟೇ ಅವಳನ್ನು ತಿದ್ದಿದ್ದರು. ಊಟವಾದ ಮೇಲೆ ಅವನು ಒಂದು ಕಿತ್ತಳೆಯನ್ನು ತಟ್ಟನೆ ಅವಳತ್ತ ಎಸೆದ. ಅದನ್ನೂ ಬಲಗೈಯಲ್ಲೇ ಹಿಡಿದಳು. ಬಾವ್‌ಜು ಗೆದ್ದವಳಂತೆ ನನ್ನತ್ತ ನೋಡಿದಳು. ರೊಂಗ್‌ಫಾನ ಮುಖ ತಣ್ಣಗಾದ ಸಾರಿನಂತಾಗಿತ್ತು.

ಮರುದಿನ ಬೆಳಿಗ್ಗೆಯೇ ಬಂದು, ಮದುವೆ ಮಾಡಿಸುವವರು ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳುತ್ತಾರೆಂದು ಗೊತ್ತಿತ್ತು, ಕೈಯ ವಿಷಯದಲ್ಲೂ ಹೇಳುತ್ತಾರೆಂದು ಗೊತ್ತಿರಲಿಲ್ಲ ಎಂದ. ನನಗೆ ಬಂದ ಸಿಟ್ಟಿಗೆ ಸುತ್ತಿಗೆಯೇ ಕೈಗೆ ಸಿಗಬೇಕಿತ್ತು. ಕಬ್ಬಿಣದಂಗಡಿಯಲ್ಲಿ ಸುತ್ತಿಗೆಗೇನು ಬರ. ತಡೆದುಕೊಂಡೆ. ಛುನ್‌ಮೇಗೆ ಫೋನು ಮಾಡಿ ಬೈದೆ. ಅವಳು ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ಹೇಳಿದಳು:

"ಎಡಗೈ ತೋರ್ಸು, ಪರವಾಗಿಲ್ಲ ಅಂದೋರೆಲ್ಲ ತೋರ್ಸಿದ್ಮೇಲೆ ಅದರ ಮೇಲೇ ಹೊಡ್ದಿದಾರೆ ಅಕ್ಕ. ಅದೇ ಬೇಕು ಅನ್ನೋ ಗಂಡಸು ಎಲ್ಲಿರ್ತಾನೆ? ನೀನೂ ಆಟ ಆಡಿಸ್ಬೇಡ."

ನಿಜ ಹೇಳಿ ಇಬ್ಬರ ಕೈಯಲ್ಲೂ ಸುಳ್ಳಿ ಎನಿಸಿಕೊಂಡದ್ದು ಅದೇ ಮೊದಲು.

ಕತೆ ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆ. ಆದರೆ ಎಂದೂ ಹಣ್ಣು ಕೊಂಡು ತಿನ್ನದ ರೊಂಗ್‌ಫಾ ಮುಂದಿನ ವಾರ ತಾಹುವಿನಿಂದ ಒಂದು ಬುಟ್ಟಿ ಸ್ಟ್ರಾಬೆರಿ ಹಿಡಿದು ಬಂದ. ಅದರ ಮುಂದಿನ ವಾರ ಇನ್ನೊಂದು ಬುಟ್ಟಿ. ಎಡಗೈ ಕಂಡಿತೇ ಎಂದು ನಾನು ಚುಚ್ಚಿದೆ. ಇಲ್ಲ ಎಂದ. ಬಿಡಿಸಿದ್ದೆಲ್ಲ ಬಲಗೈಯಲ್ಲೇ, ಸ್ವಲ್ಪ ನಿಧಾನ ಎಂದ. ಮತ್ತೆ ಯಾಕೆ ಹೋಗುತ್ತೀಯ ಎಂದರೆ ಕೈಯಲ್ಲಿದ್ದ ಚಹಾದ ಲೋಟ ತಿರುಗಿಸಿದ. ಆಮೇಲೆ, ಅಂಗೈಯಲ್ಲಿರುವ ಸುಟ್ಟ ಗುರುತು ಚಳಿಗೆ ನೋಯುತ್ತದೆಯೇ ಎಂದು ಅವಳು ಕೇಳಿದಳು ಎಂದ. ಅವನ ತಾಯಿ ಹೋದ ಮೇಲೆ ಯಾರೂ ಅವನನ್ನು ಏನು ನೋಯುತ್ತದೆ ಎಂದು ಕೇಳಿರಲಿಲ್ಲ. ನಾನಂತೂ ಕೇಳಿರಲಿಲ್ಲ, ಬದಲಿ ಕೊಡುವುದಿಲ್ಲ ಎಂದು ಹೇಳುವ ಅವಸರದಲ್ಲಿದ್ದೆ.

ಚಳಿ ಇಳಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಬಂದು, ಹೆಂಗಸರ ಅಳತೆಯ ತೊಗಲಿನ ಕೈಗವಸು ಇದೆಯೇ ಎಂದ. ಇತ್ತು, ಧೂಳು ಹಿಡಿದಿತ್ತು. ದಾರ ನೋಡಿದ, ಅಸ್ತರು ನೋಡಿದ, ಹೆಬ್ಬೆರಳಿನ ಬುಡದಲ್ಲಿ ಇನ್ನೊಂದು ಪದರ ತೊಗಲು ಇರುವುದು ಬೇಕೆಂದ. ಕಡೆಗೆ ಪರೀಕ್ಷೆ. ಅವನ ಕೈ ಅದರೊಳಗೆ ಹೋಗುವುದಿಲ್ಲ. ಅತ್ತಿಗೆ, ನಿಮ್ಮ ಕೈ ಹೆಚ್ಚುಕಮ್ಮಿ ಅವಳಷ್ಟೇ ಇದೆ ಎಂದ. ಹೀಗೆ ನಾನು ನನ್ನದೇ ಅಂಗಡಿಯಲ್ಲಿ, ನನ್ನದೇ ಕೈಗವಸು ತೊಟ್ಟು, ನನ್ನದೇ ಒಲೆಯಿಂದ ಕೆಂಡ ಎತ್ತಿ ಹಿಡಿದು ನಿಂತೆ. ಬಿಸಿಯಾಯಿತೇ ಎಂದು ಕೇಳುತ್ತಿದ್ದ. ಇಲ್ಲ ಎಂದರೆ ಇನ್ನೂ ಸ್ವಲ್ಪ ಹೊತ್ತು ಎನ್ನುತ್ತಿದ್ದ. ಬಲಗೈ ಆಯಿತು, ಎಡಗೈಗೂ ಹಿಡಿಸಿದ. ನನ್ನ ಗಂಡ ಹಿತ್ತಿಲ ಬಾಗಿಲಲ್ಲಿ ಇಣುಕಿ, ಮತ್ತೆ ಕೋಳಿಗಳ ಕಡೆ ಹೋದ.

ಜೊತೆ ಕಟ್ಟಿಕೊಡುವಾಗ ನನಗೆ ತಡೆಯಲಾಗಲಿಲ್ಲ. ಅವಳಿಗೆ ಬಲಗೈಯದು ಒಂದೇ ಸಾಲದೇ, ಇನ್ನೊಂದು ಸಾಲು ನೇತುಹಾಕಲು ಜಾಗವಿದೆಯೇ ಎಂದೆ. ಅವನು ದುಡ್ಡು ಎಣಿಸಿ ಮೇಜಿನ ಮೇಲಿಟ್ಟ. ಚೌಕಾಸಿಯನ್ನೂ ಮಾಡಲಿಲ್ಲ. ನನಗೆ ಒಂದು ಗಳಿಗೆ ಅವನ ಆರೋಗ್ಯದ ಬಗ್ಗೆಯೇ ಚಿಂತೆಯಾಯಿತು.

ಆ ಭಾನುವಾರ ಬಾವ್‌ಜು, ಛುನ್‌ಮೇ, ನಾನು ಮೂವರೂ ಗುಡ್ಡಕ್ಕೆ ಹೋದೆವು. ಪಟ್ಟಣದವರು ಟೆಂಟು ಬಿಚ್ಚಿ ಹೋಗಿಯಾಗಿತ್ತು. ಹೆಂಟೆ ಒಲೆ ನಮಗೆಂದೇ ಹೊತ್ತಿಸಿದ್ದ, ಹೆಂಟೆಗಳು ಕೆಂಪಗೆ ಕಾದಿದ್ದವು. ರೊಂಗ್‌ಫಾ ಕೈಗವಸಿನ ಜೊತೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ. ಅವಳು ತೊಟ್ಟುಕೊಂಡಳು. ಬೆರಳ ತುದಿಯವರೆಗೂ ಸರಿಯಾಗಿ ಕೂತವು. ಕೊಟ್ಟಿಗೆಯಲ್ಲಿ ನೇತಾಡುತ್ತಿದ್ದ ಸಾಲಿನ ಕಡೆಗೊಮ್ಮೆ ನೋಡಿ, ಅವಳು ತಗ್ಗಿದ ದನಿಯಲ್ಲಿ ಕೇಳಿದಳು:

"ಎಡಗೈದೂ ಯಾಕೆ ತಂದ್ರಿ? ನಿಮಗದು ದಂಡ ಅಲ್ವಾ?"

ಅವನು ಒಲೆಯ ಕಡೆ ನೋಡುತ್ತಾ ಹೇಳಿದ:

"ಇರ್ಲಿ ಬಿಡು. ಕೆಲಸ ಮಾಡ್ದೇ ಇದ್ರೂ ಅದೂ ನಿನ್ನ ಕೈಯೇ ತಾನೆ. ಸುಡಬಾರ್ದು."

ಬಾವ್‌ಜು ಹಿಂದಿನಿಂದ ಕೆಮ್ಮಿದಳು. ಆಮೇಲೆ ಛುನ್‌ಮೇ ಬಲಗೈಯ ಗವಸನ್ನು ಕಳಚಿ ಅವನ ಕೈಗೆ ಕೊಟ್ಟಳು. ಕೆಂಪಗೆ ಉರಿಯುತ್ತಿದ್ದ ಒಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ನೆತ್ತಿಯ ಹೆಂಟೆಗಳನ್ನು ಎಡಗೈಯಲ್ಲಿ ಒಂದೊಂದಾಗಿ ಎತ್ತಿಟ್ಟಳು. ಒಂದೂ ಒಡೆಯಲಿಲ್ಲ, ಒಂದೂ ಜಾರಲಿಲ್ಲ. ಕೋಳಿಯನ್ನು ಒಳಗಿಳಿಸಿದಳು, ಗೆಣಸು ಇಳಿಸಿದಳು, ಗೋಪುರ ಕೆಡವಿದಳು. ಐವತ್ತು ವರ್ಷ ಬಚ್ಚಿಟ್ಟುಕೊಂಡಿದ್ದ ಕೈ ಅದು. ನನಗೆ ಅಳು ಬಂತು; ಹೊಗೆ ಎಂದು ಕಣ್ಣೊರೆಸಿಕೊಂಡೆ. ಬಾವ್‌ಜು ಸಂಬಂಧ ಮುರಿಯಿತೆಂದೇ ತಿಳಿದು, ಅಯ್ಯೋ ಹಾಗೇನಿಲ್ಲ, ಇವತ್ತು ಬಲಗೈ ಉಳುಕಿದೆ ಎಂದು ಏನೇನೋ ಹೇಳತೊಡಗಿದಳು. ಅವಳ ಮಾತು ಕೇಳಿಸಿಕೊಳ್ಳಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ರೊಂಗ್‌ಫಾ ಬಲಗೈಯ ಗವಸನ್ನು ಎದೆಗೊತ್ತಿಕೊಂಡು ನಿಂತಿದ್ದ.

ಆಮೇಲೆ ಸಹಜವಾಗಿಯೇ ಅವನ ಹಳೆಯ ಬುದ್ಧಿ ಎದ್ದಿತು. ಕೊಟ್ಟಿಗೆಗೆ ಓಡಿ ತನ್ನ ಎಡಗೈಗವಸುಗಳನ್ನೆಲ್ಲ ತಂದು ಅವಳ ಮುಂದೆ ರಾಶಿ ಹಾಕಿದ. ಅವಳು ಒಂದನ್ನು ಹಾಕಿಕೊಂಡಳು. ಕೈ ಕೆಳಗಿಳಿಸಿದರೆ ಅದು ತಾನಾಗಿ ಜಾರಿ ನೆಲಕ್ಕೆ ಬಿತ್ತು. ಇನ್ನೊಂದನ್ನು ಹಾಕಿಕೊಂಡಳು, ಅದೂ ಬಿತ್ತು. ಅಷ್ಟು ವರ್ಷ ಎಡಚರನ್ನು ಹುಡುಕಿದವನಿಗೆ ಎಡಗೈಗೂ ಒಂದು ಅಳತೆ ಇರುತ್ತದೆ ಎಂದು ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ ಬಿಡಿ, ನಾನು ಕೈಗವಸು ಮಾರಿಯೇ ಬದುಕುವವಳು. ಈಗ ಅವನ ದೊಡ್ಡ ಎಡಗೈಯವು ಒಂದು ಸಾಲು, ಅವಳ ಸಣ್ಣ ಬಲಗೈಯವು ಇನ್ನೊಂದು ಸಾಲು ಎಂದು ಲೆಕ್ಕವಾಯಿತು. ಒಂದಕ್ಕೆ ಎರಡು ದಂಡ. ಛುನ್‌ಮೇ ಅಷ್ಟು ಜೋರಾಗಿ ನಕ್ಕಳು, ಹಿಂದೊಮ್ಮೆ ನಗುವಿಗಾಗಿ ಹೆಣ್ಣು ಬಿಟ್ಟವನು ಇವನೇನಾ ಎಂದು ನಾನು ಅವನ ಮುಖ ನೋಡಿದೆ. ಅವನೂ ನಗುತ್ತಿದ್ದ.

ಬೇಸಿಗೆ ಶುರುವಾಗುವ ಮೊದಲೇ ಮದುವೆ. ಅಂಗಡಿಯ ಮುಂದೆ ರಸ್ತೆಗೆ ಟಾರ್ಪಾಲು ಕಟ್ಟಿ ಕೆಲವೇ ದುಂಡುಮೇಜು ಹಾಕಿಸಿದ್ದೆವು. ಬಾವ್‌ಜುಗೆ ಆಗಲೂ ಆ ಕೈಯದೇ ಚಿಂತೆ. ಎಡಗೈಯವಳ ಮೊಣಕೈ ಎಡಕ್ಕೆ ಕೂತವರ ಬಲಮೊಣಕೈಗೆ ಬಡಿಯುತ್ತದೆ, ನಾಲ್ಕು ಜನರೆದುರು ಸಾರು ಚೆಲ್ಲುತ್ತದೆ, ಮರ್ಯಾದೆ ಹೋಗುತ್ತದೆ. ಅದಕ್ಕೇ ಮದುಮಗನನ್ನು ಛುನ್‌ಮೇಯ ಬಲಕ್ಕೆ ಕೂರಿಸಿ, ಎಡಗಡೆಯ ಕುರ್ಚಿಯನ್ನು ತೆಗೆಸಿಯೇಬಿಟ್ಟಿದ್ದಳು. ರೊಂಗ್‌ಫಾ ಬಂದು ನೋಡಿದ. ಊಟದ ಮನೆಗಳಲ್ಲಿ ಜನರ ಮೊಣಕೈಗಳನ್ನು ಅವನಷ್ಟು ನೋಡಿದವರು ಕಣಿವೆಯಲ್ಲೇ ಇರಲಿಲ್ಲ. ಒಂದು ಕುರ್ಚಿ ಎಳೆದು ತಂದು, ತನ್ನ ಬಟ್ಟಲೂ ಕಡ್ಡಿಯೂ ಎತ್ತಿಕೊಂಡು ಅವಳ ಎಡಕ್ಕೆ ಹೋಗಿ ಕೂತ.

ಮೊದಲ ತುತ್ತಿಗೇ ಮೊಣಕೈಗಳು ಬಡಿದವು. ಸಾರು ಅವನ ಹೊಸ ಕೋಟಿನ ಮೇಲೆ ಚೆಲ್ಲಿತು. ಮೇಜಿನಲ್ಲಿದ್ದವರೆಲ್ಲ ಅತ್ತ ತಿರುಗಿ ನೋಡಿದರು. ಛುನ್‌ಮೇಯ ಎಡಗೈ ತಾನಾಗಿ ಮೇಜಿನಡಿಗೆ ಸರಿಯಿತು. ಜಾಗ ಬದಲಾಯಿಸೋಣವೇ ಎಂದು ಅವಳು ಪಿಸುಗುಟ್ಟಿದಳು.

"ಬೇಡ," ಎಂದ ರೊಂಗ್‌ಫಾ. "ಬಡಿದ್ರೆ ಬಡೀಲಿ. ಇಷ್ಟು ವರ್ಷ ನನ್ನ ಈ ಕೈಗೆ ಬಡಿಯೋಕೆ ಪಕ್ಕದಲ್ಲಿ ಯಾರೂ ಇರ್ಲಿಲ್ಲ."

ಅವಳು ಕೈಯನ್ನು ಮೇಜಿನಡಿಯಿಂದ ಮೇಲೆ ತಂದು ಕಡ್ಡಿ ಹಿಡಿದಳು.